ಅದು ಸೇತುವೆಯಲ್ಲ, ಏರಿ

ಪ್ರಿಯ ಲೇಖಕರೇ,

ಈಗಿನ ಲೆಬನಾನಿನ ಕರಾವಳಿಯಲ್ಲಿದ್ದ ಹಳೆಯ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಪಟ್ಟಣ ಟೈರ್ ಬಗ್ಗೆ ನೀವು ಕಳಿಸಿದ ಹದಿನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಸಾಮಾನ್ಯವಾಗಿ ಕಾರಣ ಬರೆಯಲು ನನಗೆ ಪುರುಸೊತ್ತು ಇರುವುದಿಲ್ಲ. ನಿಮ್ಮ ಹತ್ತನೆಯ ಪುಟದಲ್ಲಿ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ, ಅದಕ್ಕಾಗಿ ಈ ಪತ್ರ.

ಮೊದಲು ಹೆಸರು. ‘ಟೈರ್: ಏಳುಬೀಳು’ ಎಂಬ ಶೀರ್ಷಿಕೆ ನೋಡಿ ನಮ್ಮ ಕಚೇರಿಯಲ್ಲೊಬ್ಬರು ಅದನ್ನು ವಾಹನಗಳ ಪುಟದ ಕಡತಕ್ಕೆ ಸೇರಿಸಿದ್ದರು. ಲೆಬನಾನಿನವರು ಇಂದಿಗೂ ಆ ಊರನ್ನು ಸೂರ್ ಎನ್ನುತ್ತಾರೆ. ಹಳೆಯ ಮಾತಿನಲ್ಲಿ ಬಂಡೆ ಎಂದರ್ಥ. ಕನ್ನಡ ಬೈಬಲ್ ಓದಿದವರಿಗೆ ಅದೇ ತೂರ್. ಇಷ್ಟನ್ನು ಮೊದಲೇ ಹೇಳಿಬಿಡಿ.

‘ಫಿನೀಷಿಯಾ ಸಾಮ್ರಾಜ್ಯ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಅಂಥ ಸಾಮ್ರಾಜ್ಯ ಇರಲಿಲ್ಲ. ಟೈರ್, ಸಿಡೋನ್, ಬಿಬ್ಲೋಸ್, ಒಂದೊಂದು ಪಟ್ಟಣಕ್ಕೂ ಅದರದೇ ಅರಸ. ಅಲೆಕ್ಸಾಂಡರ್ ಟೈರನ್ನು ಮುತ್ತಿದಾಗ ಸಿಡೋನ್, ಬಿಬ್ಲೋಸ್‌ಗಳ ಹಡಗುಗಳು ನಿಂತದ್ದು ಅವನ ಕಡೆಗೆ! ಇನ್ನು, ಟೈರಿನವರು ಉತ್ತರ ಆಫ್ರಿಕಾಕ್ಕೆ ಹೋಗಿ ಕಟ್ಟಿದ ಕಾರ್ತೇಜನ್ನು ‘ಮಹೋನ್ನತ ನಗರಿ’ ಎಂದಿದ್ದೀರಿ. ಅದರ ಮೂಲ ಹೆಸರು ಕರ್ತ್ ಹದಷ್ತ್, ಅಂದರೆ ಹೊಸ ಊರು. ನಮ್ಮ ಕಡೆಯ ಹೊಸೂರುಗಳಂತೆಯೇ. ನಿಮ್ಮ ಎರಡು ಪುಟಗಳ ಬಣ್ಣನೆಗಿಂತ ಈ ಒಂದು ಪದ ಓದುಗರಿಗೆ ಹತ್ತಿರವಾಗುತ್ತದೆ.

ಈಗ ಹತ್ತನೆಯ ಪುಟ. ‘ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಸೇತುವೆ ಕಟ್ಟಿ ದ್ವೀಪವನ್ನು ಗೆದ್ದನು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಟೈರ್ ಆಗ ದಂಡೆಯಾಚೆಯ ದ್ವೀಪ. ಸೇತುವೆಯ ಕೆಳಗೆ ನೀರು ಹರಿಯುತ್ತದೆ. ಅವನು ಹಾಕಿಸಿದ್ದು ಏರಿ. ದಂಡೆಯ ಮೇಲಿದ್ದ ಹಳೆಯ ಟೈರನ್ನು ಕೆಡವಿ, ಅದೇ ಕಲ್ಲನ್ನು ಕಡಲಿಗೆ ಸುರಿಸಿದ. ಲೆಬನಾನ್ ಬೆಟ್ಟದ ಮರಗಳನ್ನು ಕಡಿಸಿ ತಂದ. ಏರಿಯ ತುದಿಯಲ್ಲಿ ಮರದ ಗೋಪುರಗಳು ಎದ್ದವು. ಟೈರಿನವರು ಹಡಗೊಂದಕ್ಕೆ ಗಂಧಕ, ರಾಳ ತುಂಬಿ ಬೆಂಕಿ ಹಚ್ಚಿ ಅವುಗಳ ಮೇಲೆ ಬಿಟ್ಟರು. ಊರೊಳಗೆ ಅಪೋಲೋ ದೇವರು ಶತ್ರುವಿನ ಕಡೆ ಹೋಗುತ್ತಾನೆಂದು ಯಾರಿಗೋ ಕನಸು ಬಿದ್ದು, ಅವನ ವಿಗ್ರಹವನ್ನು ಚಿನ್ನದ ಸರಪಳಿಯಿಂದ ಕಟ್ಟಿಹಾಕಿದರಂತೆ. ಇಷ್ಟೆಲ್ಲ ನಡೆದ ಏಳು ತಿಂಗಳಿಗೆ ನಿಮ್ಮಲ್ಲಿ ಒಂದು ಸಾಲು, ‘ವೈಭವ’ ಎಂಬ ಪದಕ್ಕೆ ಮೂವತ್ತೊಂದು ಜಾಗ. ಎಣಿಸಿದ್ದೇನೆ.

ಏರಿ ಎಂಬ ಪದಕ್ಕೆ ನಾನು ಜೋತುಬೀಳಲು ಕಾರಣವಿದೆ. ದ್ವೀಪದ ಮರೆಯಲ್ಲಿ ಮರಳು ಮೊದಲೇ ಕೂಡುತ್ತಿತ್ತು. ಏರಿ ಅಡ್ಡ ಬಂದ ಮೇಲೆ ನೀರಿನ ಓಟವೇ ನಿಂತು, ಮರಳು ಎರಡೂ ಬದಿಗೆ ಬಂದು ನಿಂತಿತು. ಶತಮಾನಗಳಲ್ಲಿ ದ್ವೀಪ ನೆಲಕ್ಕೆ ಅಂಟಿಕೊಂಡಿತು. ಇಂದು ಆ ಏರಿ ಹೂತಿರುವ ನೆಲದ ಮೇಲೆ ಮನೆಗಳಿವೆ, ಕಾರುಗಳು ಓಡಾಡುತ್ತವೆ. ಲೇಖನವನ್ನು ಇಲ್ಲಿಂದ ಶುರುಮಾಡಿ.

ಟೈರಿನ ನೇರಳೆ ಬಣ್ಣದ ಭಾಗವನ್ನು ಉಳಿಸಿಕೊಳ್ಳಿ, ಆದರೆ ಮೂಗು ಮುಚ್ಚಿಕೊಂಡು ಬರೆಯಬೇಡಿ. ಕಡಲ ಬಸವನಹುಳುಗಳನ್ನು ಕೊಳೆಸಿ ಬಣ್ಣ ತೆಗೆಯುತ್ತಿದ್ದ ಆ ಊರಿನಲ್ಲಿ ವಾಸಿಸುವುದೇ ಕಷ್ಟವೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೀಡ್‌ಲೆಂಡರ್ ಹನ್ನೆರಡು ಸಾವಿರ ಹುಳುಗಳಿಂದ ಪಡೆದ ಬಣ್ಣ 1.4 ಗ್ರಾಂ. ‘ದುಬಾರಿ’ ಎಂಬ ಪದವನ್ನು ಆಮೇಲೆ ಹೊಡೆದುಹಾಕಬಹುದು.

ಫಿನೀಷಿಯನ್ ಲಿಪಿಯ ಬಗೆಗಿನ ಪುಟ ಪಠ್ಯಪುಸ್ತಕದಂತಿದೆ. ಇಪ್ಪತ್ತೆರಡು ಅಕ್ಷರ, ಎಲ್ಲವೂ ವ್ಯಂಜನ. ಆ ಪದ್ಧತಿಯಲ್ಲಿ ಕನ್ನಡ ಬರೆದರೆ ಕಮಲ, ಕೋಮಲ, ಕಾಮಾಲೆ ಮೂರೂ ಒಂದೇ ಎಂದು ತೋರಿಸಿದರೆ ಸಾಕು.

ಕೊನೆಯದಾಗಿ, ನೀವು ಲಗತ್ತಿಸಿದ ಚಿತ್ರಗಳಲ್ಲಿರುವ ಕಂಬಸಾಲುಗಳು, ಕುದುರೆಪಂದ್ಯದ ಬಯಲು ಎಲ್ಲ ರೋಮನ್ನರ ಕಾಲದವು. ಅವುಗಳ ಕೆಳಗೆ ‘ಫಿನೀಷಿಯನ್ ಶಿಲ್ಪಕಲೆ’ ಎಂದು ಅಚ್ಚಾದರೆ ನಿಮಗಿಂತ ಮೊದಲು ಬೈಗುಳ ತಿನ್ನುವವನು ನಾನು. ಎರಡು ನಕ್ಷೆ ಬಿಡಿಸಿ ಕಳಿಸಿ: ಒಂದು ಏರಿ ಹಾಕುವ ಮುಂಚಿನದು, ಇನ್ನೊಂದು ಈಗಿನದು. ಲೇಖನ ಐದು ಪುಟ ಮೀರದಿರಲಿ.

ಇತಿ,
ಸಂಪಾದಕ