ಮನೇಲೇ ಒಬ್ಬ ಮಂಜ ಇದ್ರೆ

ಪ್ರಶ್ನೆ: ಸರ್, ಬಿಸಿಎ ಎರಡನೇ ವರ್ಷ ಓದ್ತಿದೀನಿ. ನಮ್ಮ ಬೀದಿ ಗಣಪತಿಗೆ ಲಕ್ಕಿ ಡಿಪ್ ಎತ್ತೋಕೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದು ರ‍್ಯಾಂಡಮ್ ಡಾಟ್ ಪಿವೈ ಅಂತ ಸೇವ್ ಮಾಡಿದೆ, ಒಳಗೆ ಮೊದಲನೇ ಸಾಲು, ಪೈಥಾನ್ ಜೊತೆ ಬರೋ ಲಾಟರಿ ಎತ್ತೋ ಮಾಡ್ಯೂಲನ್ನ (ರೆಡಿ ಕೋಡಿನ ಕಟ್ಟು) ಕರೆಯೋ ಇಂಪೋರ್ಟ್ ರ‍್ಯಾಂಡಮ್. ರನ್ ಮಾಡಿದ್ರೆ ಅದರಲ್ಲಿ ನಂಬರ್ ಎತ್ತಿಕೊಡೋ ರ‍್ಯಾಂಡಿಂಟ್ ಇಲ್ಲ ಅಂತ ಎರರ್. ಪೈಥಾನ್ ಎರಡು ಸಲ ತೆಗೆದು ಹಾಕಿದೆ, ಅದೇ ಕಥೆ. ನನ್ನ ಫ್ರೆಂಡು ಟೈಮ್ ಡಾಟ್ ಪಿವೈ ಅಂತ ಫೈಲ್ ಇಟ್ಕೊಂಡು ಇಂಪೋರ್ಟ್ ಟೈಮ್ ಅಂತಾನೆ, ಅವನಿಗೇನೂ ಆಗಲ್ಲ. ಯಾಕೆ?
ಒಬ್ಬ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಪೈಥಾನ್ ಪಾಪ ಏನೂ ಮಾಡಿಲ್ಲ ಮಾರಾಯ್ರೇ, ನೀವಿಟ್ಟ ಹೆಸರೇ ಎಡವಟ್ಟು. ಮನೇಲೇ ಒಬ್ಬ ಮಂಜ ಇರುವಾಗ ಎಸ್ಟೇಟ್ ಲೈನಿನ ಮಂಜನ್ನ ಕರಿಯೋಕೆ ಜಗಲೀಲಿ ನಿಂತು ಕೂಗಿದ್ರೆ ಓಗೊಡೋದು ಯಾರು?

ಇಂಪೋರ್ಟ್ ಅಂದ ಕೂಡ್ಲೆ ಮೊದ್ಲು ಸಿಸ್ ಡಾಟ್ ಮಾಡ್ಯೂಲ್ಸ್ ಅನ್ನೋ, ಈಗಾಗ್ಲೇ ತಂದಿಟ್ಟ ಮಾಡ್ಯೂಲುಗಳ ಪಟ್ಟಿ ನೋಡುತ್ತೆ, ಅಲ್ಲಿದ್ರೆ ಅದನ್ನೇ ಕೊಡುತ್ತೆ, ಇಲ್ಲಾಂದ್ರೆ ಇಂಟರ್‌ಪ್ರಿಟರ್ (ಕೋಡ್ ಓಡಿಸೋ ಪ್ರೋಗ್ರಾಂ) ಒಳಗೇ ಸೇರಿಸಿಟ್ಟಿರೋ ಮಾಡ್ಯೂಲು, ಅದೂ ಅಲ್ಲಾಂದ್ರೆ ಸಿಸ್ ಡಾಟ್ ಪಾತ್‌ನಲ್ಲಿರೋ ಫೋಲ್ಡರ್‌ಗಳು ಒಂದಾದ ಮೇಲೊಂದು. ಆ ಸಾಲಲ್ಲಿ ಮೊದಲನೇದೇ ನಿಮ್ಮ ಫೈಲ್ ಇರೋ ಫೋಲ್ಡರ್ರು. ಅಲ್ಲೇ ಒಂದು ರ‍್ಯಾಂಡಮ್ ಸಿಕ್ಬಿಡ್ತು, ಅಸಲಿಯವನ ತನಕ ಹೋಗಲೇ ಇಲ್ಲ. ಟೈಮ್ ಇಂಟರ್‌ಪ್ರಿಟರ್ ಒಳಗೇ ಇರೋದ್ರಿಂದ ನಿಮ್ಮ ಫ್ರೆಂಡ್ ಫೈಲನ್ನ ಕೇಳೋರೇ ಇಲ್ಲ, ಅಷ್ಟೇ.

ಮಜಾ ಏನಂದ್ರೆ ನಿಮ್ಮ ಫೈಲ್ ಎರಡು ಸಲ ಓಡಿದೆ. ರನ್ ಮಾಡಿದಾಗ ಅದರ ಹೆಸರು ಮೇನ್. ಮೊದಲನೇ ಸಾಲಿಗೆ ಬಂದಾಗ ಅದೇ ಫೈಲು ಈಗ ರ‍್ಯಾಂಡಮ್ ಅನ್ನೋ ಹೆಸರಲ್ಲಿ ಪಟ್ಟಿ ಸೇರಿ ಮತ್ತೆ ಮೇಲಿಂದ ಶುರುವಾಯ್ತು, ಅಲ್ಲೂ ಇಂಪೋರ್ಟ್ ರ‍್ಯಾಂಡಮ್ ಅಂತಿದೆ, ಈ ಸಲ ಪಟ್ಟೀಲಿ ಹೆಸರಿದೆಯಲ್ಲ, ಅರ್ಧಂಬರ್ಧ ತಯಾರಾದ ತನ್ನನ್ನೇ ತಾನು ತಗೊಂಡ್ತು. ಮುಂದಿನ ಸಾಲಲ್ಲಿ ರ‍್ಯಾಂಡಿಂಟ್ ಕೇಳಿದ್ರೆ ಎಲ್ಲಿಂದ ತರುತ್ತೆ? ಹಳೇ ಪೈಥಾನ್‌ಗಳ ಎರರ್ ಮೆಸೇಜಲ್ಲಿ ಪಾರ್ಷಿಯಲಿ ಇನಿಷಿಯಲೈಸ್ಡ್ ಅಂತ ಇರುತ್ತಲ್ಲ, ಅದು ಇದನ್ನೇ ಹೇಳೋದು, ಆದ್ರೆ ಹೊಸಬರಿಗೆ ಅದು ಅರ್ಥ ಆಗೋ ಮಾತಲ್ಲ ಬಿಡಿ. ಪೈಥಾನ್ 3.13ರಿಂದ ಈಚೆಗೆ ಫೈಲ್ ಹೆಸರು ಬದಲಾಯ್ಸಿ ಅಂತ ನೇರವಾಗೇ ಹೇಳುತ್ತೆ.

ಲಕ್ಕಿಡಿಪ್ ಡಾಟ್ ಪಿವೈ ಅಂತ ಮಾಡಿ, ಸರಿ ಹೋಗುತ್ತೆ. ಪೈಥಾನ್ ತೆಗೆದು ಹಾಕಿದ್ದು ದಂಡ, ಫೈಲ್ ಇದ್ದ ಕಡೆನೇ ಇತ್ತಲ್ಲ.

ಫೈಲ್ ಒಳಗೂ ಹಿಂಗೇ, ಹೆಸರು ಹುಡುಕೋದು ಹತ್ತಿರದಿಂದ: ಮೊದ್ಲು ಫಂಕ್ಷನ್ ಒಳಗೆ, ಆಮೇಲೆ ಅದನ್ನ ಸುತ್ತಿರೋ ಫಂಕ್ಷನ್ನು, ಆಮೇಲೆ ಇಡೀ ಫೈಲು, ಕೊನೆಗೆ ಪೈಥಾನ್ ತಾನೇ ಕೊಡೋ ಹೆಸರುಗಳು, ಅಂದ್ರೆ ಬಿಲ್ಟ್‌ಇನ್. ಟಿಕೆಟ್ ನಂಬರ್‌ಗಳನ್ನ ಲಿಸ್ಟ್ ಅನ್ನೋ ವೇರಿಯೇಬಲ್‌ಗೆ ಹಾಕ್ಬೇಡಿ, ಆಮೇಲೆ ಪೈಥಾನ್‌ನ ಅಸಲಿ ಲಿಸ್ಟ್ ಕರೆದ್ರೆ ಟಿಕೆಟ್‌ಗಳೇ ಎದ್ದು ಬರ್ತವೆ.