ಅಂಪೈರ್ ಬೇಗ ತೀರ್ಪು ಕೊಡಲೇಬೇಕೆ?

ಸಾಫ್ಟ್‌ಬಾಲ್‌ನಲ್ಲಿ ಚೆಂಡು ಬಾರಿಸಿದವರು ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸ್‌ನಲ್ಲಿ ಔಟೋ ಸೇಫೋ ಹೇಳಲು ತಡವಾಗುತ್ತದೆ, ಕೋಚ್‌ಗಳು ಕೂಗಾಡುತ್ತಾರೆ, ಬೇಗ ತೀರ್ಪು ಕೊಡುವುದು ಹೇಗೆ ಎಂದು ಕೇಳಿದ್ದೀರಿ. ಬೇಗ ಕೊಡಬೇಡಿ. ಬೇಗ ಕೊಟ್ಟು ನಾನು ಒಂದು ತಂಡವನ್ನು ಅನ್ಯಾಯವಾಗಿ ಮನೆಗೆ ಕಳಿಸಿದ್ದೇನೆ.

ಪುಣೆಯಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಸೆಮಿಫೈನಲ್. ಏಳನೆಯ, ಅಂದರೆ ಕೊನೆಯ ಇನಿಂಗ್ಸ್. ಒಂದು ರನ್ ಹಿಂದಿದ್ದ ತಂಡದ ಇಬ್ಬರು ಔಟಾಗಿದ್ದರು, ಒಬ್ಬಳು ಥರ್ಡ್ ಬೇಸ್‌ನಲ್ಲಿದ್ದಳು. ಸೊಲ್ಲಾಪುರದ ಹುಡುಗಿಯೊಬ್ಬಳು ಚೆಂಡನ್ನು ಶಾರ್ಟ್‌ಸ್ಟಾಪ್ ಕಡೆಗೆ, ಅಂದರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಫೀಲ್ಡರ್ ಕಡೆಗೆ, ಬಾರಿಸಿ ಫಸ್ಟ್ ಬೇಸ್‌ಗೆ ಓಡಿದಳು. ಅವಳ ಕಾಲು ಬೇಸ್ ಮುಟ್ಟುವ ಮೊದಲೇ ಅಲ್ಲಿನ ಫೀಲ್ಡರ್ ಎಸೆದ ಚೆಂಡನ್ನು ಹಿಡಿದರೆ ಔಟ್, ಇಲ್ಲದಿದ್ದರೆ ಸೇಫ್. ಸೇಫ್ ಆದರೆ ಥರ್ಡ್ ಬೇಸ್‌ನವಳ ರನ್ ಸೇರಿ ಪಂದ್ಯ ಸಮ, ಔಟ್ ಆದರೆ ಮುಗಿಯಿತು.

ನಮಗೆ ಕಲಿಸುವುದು ಹೀಗೆ: ಕಣ್ಣು ಬೇಸ್ ಮುಟ್ಟುವ ಕಾಲಿನ ಮೇಲೆ, ಕಿವಿ ಗ್ಲೌಸಿಗೆ ಬೀಳುವ ಚೆಂಡಿನ ಸದ್ದಿನ ಮೇಲೆ. ಅಷ್ಟನ್ನು ಸರಿಯಾಗಿಯೇ ಮಾಡಿದೆ. 'ಟಪ್' ಎಂಬ ಸದ್ದು ಮೊದಲು, ಕಾಲು ಆಮೇಲೆ. ಅದರಲ್ಲಿ ಇವತ್ತಿಗೂ ನನಗೆ ಅನುಮಾನವಿಲ್ಲ. ಆದರೆ ಸದ್ದು ಕೇಳಿದ ಮೇಲೆ ಕಣ್ಣನ್ನು ಕಾಲಿನಿಂದ ಗ್ಲೌಸಿಗೆ ಎತ್ತಬೇಕು, ಚೆಂಡು ಅಲ್ಲೇ ಉಳಿದಿದೆಯೇ ಎಂದು ನೋಡಬೇಕು. ಆ ಅರೆಕ್ಷಣ ನಾನು ನೋಡಲಿಲ್ಲ. ಸದ್ದಾಯಿತು ಎಂದರೆ ಚೆಂಡು ಗ್ಲೌಸಿಗೆ ತಾಗಿತು ಎಂದಷ್ಟೇ ಅರ್ಥ, ಹಿಡಿದಾಯಿತು ಎಂದಲ್ಲ. ತಾಗುವುದಕ್ಕೂ ಹಿಡಿಯುವುದಕ್ಕೂ ನಡುವೆ ಇರುವ ಆ ಸಂದಿಯಲ್ಲೇ ನಾನು ಬಿದ್ದೆ. ಔಟ್ ಎಂದು ನನ್ನ ಮುಷ್ಟಿ ಮೇಲೇರುವಷ್ಟರಲ್ಲಿ ಹಳದಿ ಚೆಂಡು ಫೀಲ್ಡರ್ ಹುಡುಗಿಯ ಮೊಣಕಾಲಿಗೆ ಬಡಿದು, ಕಿತ್ತಳೆ ಬಣ್ಣದ ಬೇಸ್ ಪಕ್ಕ ಮಣ್ಣಿನಲ್ಲಿ ಉರುಳುತ್ತಿತ್ತು.

ಬ್ಯಾಟ್ ಮಾಡುವ ಜಾಗದ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ನನ್ನನ್ನೇ ನೋಡುತ್ತಿದ್ದರು. ನಾನು ಕೇಳದೆ ಅವರು ನನ್ನ ತೀರ್ಪನ್ನು ಬದಲಿಸುವಂತಿಲ್ಲ. ನಾನು ಕೇಳಬಹುದಿತ್ತು, ಎತ್ತಿದ ಕೈ ಇಳಿಸಲು ನಾಚಿಕೆಯಾಯಿತು. ಗೇಟಿನ ಬಳಿ ಆ ಹುಡುಗಿಯ ತಂದೆ, ನಾನು ಕನ್ನಡದವನೆಂದು ತಿಳಿದು, "ಸರ್, ಚೆಂಡು ಎಲ್ಲಿತ್ತು?" ಎಂದಷ್ಟೇ ಕೇಳಿದರು. ಉತ್ತರ ಕೊಡದೆ ಬೈಕ್ ಹತ್ತಿದೆ.

2010ರ ಜೂನ್ 2ರಂದು ಅಮೆರಿಕದ ಡೆಟ್ರಾಯಿಟ್‌ನ ಬೇಸ್‌ಬಾಲ್ ಪಂದ್ಯದಲ್ಲಿ, ಇದೇ ಫಸ್ಟ್ ಬೇಸ್‌ನಲ್ಲಿ, ಅಂಪೈರ್ ಜಿಮ್ ಜಾಯ್ಸ್ ಔಟ್ ಆದವನನ್ನು ಸೇಫ್ ಎಂದು ಚೆಂಡೆಸೆಯುವ ಪಿಚರ್ ಅರ್ಮಾಂಡೊ ಗಲರಾಗಾ ಅವರ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ ತಲುಪಲು ಬಿಡದ ಪಂದ್ಯ, ಕೆಡಿಸಿದರು. ಪಂದ್ಯ ಮುಗಿದ ಮೇಲೆ ದೃಶ್ಯ ನೋಡಿ, ಅದೇ ರಾತ್ರಿ ಗಲರಾಗಾ ಬಳಿ ಕ್ಷಮೆ ಕೇಳಿದರು. ಸೊಲ್ಲಾಪುರದ ಆ ಹುಡುಗಿಯ ಬಳಿ ನಾನು ಕೇಳಲಿಲ್ಲ.

ಕೋಚ್‌ಗಳು ಕೂಗಲಿ, ಅವರಿಗೆ ಬೇಕಿರುವುದು ತಮ್ಮ ಪರವಾದ ತೀರ್ಪು. ಅನುಮಾನ ಬಂದರೆ ಎಲ್ಲರೆದುರೇ ಜೊತೆಯ ಅಂಪೈರನ್ನು ಕರೆದು ಕೇಳಿ. ಗ್ಲೌಸಿನೊಳಗೆ ಹಳದಿ ಕಾಣುವವರೆಗೂ ನಿಮ್ಮ ಮುಷ್ಟಿ ಸೊಂಟದ ಬಳಿಯೇ ಇರಲಿ.