‘ಇಬ್ಬರಿಗೂ ಒಂದೇ ಥರ ಹೇಳಿಕೊಡ್ತೀನಿ ಮೇಡಂ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು ಸಾಫ್ಟ್‌ವೇರ್ ತಂಡವೊಂದರ ಲೀಡ್. ಇಬ್ಬರನ್ನು ಕೆಲಸಕ್ಕೆ ತಯಾರು ಮಾಡುವ ಹೊಣೆ ಅವರ ಮೇಲಿತ್ತು. ಒಬ್ಬ ಆಗಷ್ಟೇ ಕಾಲೇಜು ಮುಗಿಸಿ ಸೇರಿದ ಹುಡುಗ. ಇನ್ನೊಬ್ಬರು ವಯಸ್ಸಿನಲ್ಲಿ ಇವರಿಗಿಂತ ದೊಡ್ಡವರು, ಬೇರೆ ಕಡೆ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಬಂದವರು.

“ನಾನು ಭೇದ ಮಾಡಲ್ಲ ಮೇಡಂ. ಹುಡುಗ ಬೇಗ ಕಲಿತ. ಅವರು ಮಾತ್ರ ಮುಖ ಕೊಟ್ಟು ಮಾತಾಡಲ್ಲ. ಅಹಂಕಾರ ಅನ್ಸುತ್ತೆ.”

ಇರಬಹುದು. ಆದರೆ ಅದಕ್ಕೂ ಮೊದಲು, ನೀವು ಅವರಿಗೆ ಕಳಿಸಿದ ಒಂದು ಮೆಸೇಜ್ ಓದಿ ಎಂದೆ. ಓದಿದರು, ಓದುತ್ತಲೇ ಇದ್ದರು. ಫೈಲ್ ಎಲ್ಲಿ ಸೇವ್ ಮಾಡಬೇಕು, ಹೆಸರು ಹೇಗಿಡಬೇಕು, ಮುಗಿದ ಮೇಲೆ ಯಾರಿಗೆ ತಿಳಿಸಬೇಕು, ಕೊನೆಗೆ “ಅರ್ಥ ಆಯ್ತಾ?”. ಹುಡುಗನಿಗೂ ಇದೇ ಮೆಸೇಜ್ ಹೋಗಿತ್ತು.

ಹೊಸಬರಿಗೆ ಇಂಥ ವಿವರ ಬೇಕೇ ಬೇಕು. ಕೆಲಸ ಗೊತ್ತಿರುವವರಿಗೆ ಅದು ಕಿರಿಕಿರಿ ಮಾತ್ರವಲ್ಲ, ಅಡ್ಡಿಯೂ ಆಗಬಹುದು. ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಕಲ್ಯುಗಾ, ಸ್ವೆಲ್ಲರ್ ಮತ್ತು ಜೊತೆಗಾರರು 2003ರಲ್ಲಿ ಇದನ್ನೇ ಬರೆದರು: ಆಗಲೇ ತಿಳಿದಿರುವುದನ್ನು ಮತ್ತೆ ಕೇಳಿಸಿಕೊಂಡು ತನ್ನ ತಿಳಿವಳಿಕೆಗೆ ಹೊಂದಿಸಿ ನೋಡುವುದರಲ್ಲೇ ತಲೆ ಸವೆಯುತ್ತದೆ.

ಇನ್ನೂ ಒಂದು ವಿಷಯ ಮೆಲ್ಲಗೆ ಹೊರಬಂತು. ಆ ಹಿರಿಯರು ಒಮ್ಮೆ ತಪ್ಪು ಮಾಡಿದಾಗ ಇವರು ಎಲ್ಲರೆದುರು “ಇಷ್ಟು ಅನುಭವ ಇದ್ದೂ ಹೀಗಾ?” ಎಂದುಬಿಟ್ಟಿದ್ದರು. ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಫೀಡ್‌ಬ್ಯಾಕ್‌ನಿಂದ ಸರಾಸರಿ ಲಾಭವೇ ಆಗಿತ್ತು, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಕೆಟ್ಟಿತ್ತು. ಗಮನ ಕೆಲಸದಿಂದ ‘ನಾನು ಎಂಥವನು’ ಎಂಬ ಕಡೆಗೆ ಜಾರಿದರೆ ಹಾಗಾಗುತ್ತದೆ ಎಂಬುದು ಅವರ ವಿವರಣೆ.

“ಹಾಗಾದರೆ ಅವರು ನೋಡಿ ಕಲಿಯೋ ಟೈಪಾ, ಕೇಳಿ ಕಲಿಯೋ ಟೈಪಾ ಅಂತ ಟೆಸ್ಟ್ ಮಾಡಿಸ್ಲಾ?” ಬೇಡ. ಈ ವಿಂಗಡಣೆ ತುಂಬಾ ಜನಪ್ರಿಯ, ಅದರ ಪ್ರಕಾರ ಕಲಿಸಿದರೆ ಲಾಭ ಎನ್ನುವುದಕ್ಕೆ ಪುರಾವೆ ಮಾತ್ರ ತೀರಾ ಕಡಿಮೆ. ನೋಡಬೇಕಾದ್ದು ಈ ಕೆಲಸ ಅವರಿಗೆ ಎಷ್ಟು ಹೊಸದು ಎಂಬುದನ್ನು. ಆ ಹಿರಿಯರಿಗೆ ಕೋಡ್ ಬರೆಯುವುದು ಹೊಸದಲ್ಲ, ಆದರೆ ಈ ಕಂಪನಿಯ ರಿಲೀಸ್ ಕ್ರಮ, ಅಂದರೆ ಮುಗಿದ ಕೋಡನ್ನು ಬಳಕೆಗೆ ಬಿಡುವ ವಿಧಾನ, ಹೊಸದೇ, ಅವರು ತಪ್ಪಿದ್ದೂ ಅಲ್ಲೇ.

ನಾನು ಹೇಳಿದ್ದಿಷ್ಟು. ಕೋಡ್ ವಿಷಯದಲ್ಲಿ ಅವರಿಗೆ ಏನು, ಯಾವಾಗ ಬೇಕು ಎಂದಷ್ಟೇ ಹೇಳಿ, ‘ಹೇಗೆ’ ಅನ್ನೋದು ಅವರಿಗೇ ಬಿಡಿ. ರಿಲೀಸ್ ಕ್ರಮವನ್ನು ಪಕ್ಕದಲ್ಲಿ ಕೂತು ಒಂದು ಸಲ ತೋರಿಸಿ, ಹಿರಿಯರು ಅಂತ ಸಂಕೋಚ ಪಡಬೇಡಿ. ಆವತ್ತಿನ ಮಾತಿಗೆ ಖಾಸಗಿಯಾಗಿ ಕ್ಷಮೆ ಕೇಳಿ. ಹುಡುಗನಿಗೆ ಉತ್ತರ ಕೊಡುವ ಮುಂಚೆ “ನೀನೇನು ಮಾಡಬೇಕು ಅಂದ್ಕೊಂಡಿದ್ದೀಯ?” ಅಂತ ಕೇಳಿ.

ಲೀಡ್ ಮತ್ತೆ ಬಂದಾಗ, ಹಿರಿಯರು ತಾವಾಗಿ ಬಂದು ಪ್ರಶ್ನೆ ಕೇಳಿದರೆಂದು ಖುಷಿಯಲ್ಲಿದ್ದರು. ಬೇಸರವಾಗಿದ್ದು ಹುಡುಗನಿಗೆ, “ಅಕ್ಕ ಕೈಬಿಟ್ಟುಬಿಟ್ರು” ಅಂತ. ಸಹಾಯ ಯಾಕೆ ಕಡಿಮೆ ಮಾಡ್ತಿದ್ದೀರಿ ಅಂತ ಅವನಿಗೆ ಹೇಳಿದ್ರಾ ಎಂದೆ. ಹೇಳಿರಲಿಲ್ಲ. ಮೊದಲು ಅದನ್ನು ಹೇಳಿ, ಕಷ್ಟ ಬಂದರೆ ಯಾವ ಹೊತ್ತಿಗೆ ಬಂದು ಕೇಳಬಹುದು ಅನ್ನೋದನ್ನೂ ಹೇಳಿ ಎಂದು ಕಳಿಸಿದೆ.